ಹನ್ನೆರಡು ಟ್ಯೂಬಿನ ಲೆಕ್ಕ ಕೊನೆಗೂ ಹತ್ತಿತು

ಬ್ಯಾಕ್ಟೀರಿಯಾಕ್ಕೆ ದಾಳಿ ತಡೆಯುವ ಗುಣ ದಾಳಿಯಾದ ಮೇಲೆ ಬರುತ್ತದೋ, ಮೊದಲೇ ಆಕಸ್ಮಿಕವಾಗಿ ಬಂದಿರುತ್ತದೋ ಎಂದು ತಿಳಿಯುವ ಲೂರಿಯಾ–ಡೆಲ್‌ಬ್ರೂಕ್ ಅವರ 1943ರ ಪ್ರಯೋಗವನ್ನು ವಿಜಯಪುರದ ನಮ್ಮ ಡಿಗ್ರಿ ಕಾಲೇಜಿನಲ್ಲೇ ಮಾಡುತ್ತೇನೆ ಅಂದಾಗ ವಿಭಾಗದವರೇ ನಂಬಲಿಲ್ಲ. "ಸರ, ಬೋರ್ಡ್ ಮ್ಯಾಲೆ ಬರದ್ರ ಸಾಕಲ್ರಿ, ರೊಕ್ಕಾ ಯಾಕ ಹಾಳ ಮಾಡ್ತೀರಿ?" ಅಂದರು. ಅಗಾರ್, ರಿಫಾಂಪಿಸಿನ್ (ಕ್ಷಯದ ಔಷಧ) ಪುಡಿ, ಪ್ಲೇಟು ಸೇರಿ ಏಳು ಸಾವಿರದ ಹತ್ತಿರ ಹೋಯಿತು. ಅರ್ಧ ನನ್ನ ಕಿಸೆಯಿಂದ.

ಲೂರಿಯಾ–ಡೆಲ್‌ಬ್ರೂಕ್ ಫೇಜ್ (ಬ್ಯಾಕ್ಟೀರಿಯಾ ಕೊಲ್ಲುವ ವೈರಸ್) ಬಳಸಿದ್ದರು, ನಾನು ರಿಫಾಂಪಿಸಿನ್. ಬ್ಯಾಕ್ಟೀರಿಯಾ ನಿರಪಾಯದ ಇ. ಕೋಲಿ ಕೆ-12. ಹನ್ನೆರಡು ಟ್ಯೂಬಿನಲ್ಲಿ ಬೇರೆಬೇರೆಯಾಗಿ ಬೆಳೆಸಿ, ಒಂದೊಂದನ್ನೂ ಔಷಧ ಬೆರೆಸಿದ ಒಂದೊಂದು ಪ್ಲೇಟಿಗೆ ಹಾಕಿ, ಬದುಕುಳಿದವು ಬೆಳೆದ ಚುಕ್ಕಿಗಳನ್ನು (ಕಾಲೊನಿ) ಎಣಿಸುವುದು. ಮೊದಲ ಸಲ ಹನ್ನೆರಡೂ ಪ್ಲೇಟಿನಲ್ಲಿ ಎರಡರಿಂದ ಐದು ಕಾಲೊನಿ. "ನೋಡ್ರಿ, ಔಷಧ ತಾಗಿದ ಮ್ಯಾಲೇ ಬದಲಾಗ್ಯಾವ, ಅದಕ್ಕ ಎಲ್ಲಾ ಕಡೆ ಒಂದ ಥರ" ಅಂದರು ಗೆಳೆಯರು. ಎರಡು ರಾತ್ರಿ ನಿದ್ದೆ ಹತ್ತಲಿಲ್ಲ. ತಪ್ಪು ನನ್ನದೇ: ಟ್ಯೂಬಿಗೆ ಕೋಟಿ ಕೋಟಿ ಜೀವಕೋಶ ಸುರಿದಿದ್ದೆ. ನಾಲ್ಕೈದು ಸಲ ಇಬ್ಭಾಗವಾಗುವಷ್ಟರಲ್ಲಿ ಆಹಾರ ಖಾಲಿ. ಡಿಎನ್‌ಎ ನಕಲಿನ ತಪ್ಪು (ಮ್ಯುಟೇಶನ್) ಬೇಗ ಬಿದ್ದು ವಂಶ ಬೆಳೆಸಲು ಹೊತ್ತೇ ಇರಲಿಲ್ಲ.

ಎರಡನೆಯ ಸಲ ಪ್ಲೇಟು ಕಿಟಕಿಯ ಬಳಿ ಇಟ್ಟು, ಬೆಳಕಿಗೆ ಔಷಧ ಕೆಟ್ಟು, ಪ್ಲೇಟು ತುಂಬ ಬೆಳೆದು ಎಲ್ಲ ವ್ಯರ್ಥ.

ಮೂರನೆಯ ಸಲ ಟ್ಯೂಬಿಗೆ ಇನ್ನೂರರಷ್ಟೇ ಜೀವಕೋಶ. ಇಪ್ಪತ್ತು ಸಲ ಇಬ್ಭಾಗ, ಕೊನೆಗೆ 20 ಕೋಟಿ. ಕರೆಂಟ್ ಹೋದರೂ ಏಪ್ರಿಲ್‌ನ ನಮ್ಮ ಕೋಣೆಯೇ ಇನ್‌ಕ್ಯುಬೇಟರ್. ಪ್ಲೇಟು ಒಣಗಿಸುವ ಗುಟ್ಟು ಮಾತ್ರ ಇಲ್ಲಿ ಬರೆಯುವುದಿಲ್ಲ, ನಾಲ್ಕು ತಿಂಗಳು ತಿಂದ ಗುಟ್ಟದು. ಎಣಿಸಿದಾಗ 0, 1, 0, 3, 0, 2, 41, 1, 0, 6, 1, 9!

ಆ 41 ನೋಡಿ ಕೂಗಿಯೇಬಿಟ್ಟೆ. ಔಷಧ ತಾಗಿದ ಮೇಲೆ ಬದಲಾಗುವುದಾದರೆ ಎಲ್ಲ ಪ್ಲೇಟಿನಲ್ಲೂ ಹೆಚ್ಚುಕಡಿಮೆ ಒಂದೇ ಎಣಿಕೆ ಬರಬೇಕಿತ್ತು. ಡಿಎನ್‌ಎ ನಕಲು ಮಾಡುವ ಕಿಣ್ವ ಪಾಲಿಮರೇಸ್ ತಾನೇ ತಿದ್ದಿಕೊಂಡು, ಮಿಸ್‌ಮ್ಯಾಚ್ ರಿಪೇರಿಯೂ (ಉಳಿದ ತಪ್ಪು ಜೋಡಿ ಸರಿಪಡಿಸುವ ವ್ಯವಸ್ಥೆ) ಜರಡಿ ಹಿಡಿದ ಮೇಲೆ ಉಳಿಯುವ ತಪ್ಪು ಸಾವಿರ ಕೋಟಿ ಡಿಎನ್‌ಎ ಅಕ್ಷರಕ್ಕೆ ಒಂದರ ಆಸುಪಾಸು. ಅಂಥದ್ದೊಂದು ಆರ್‌ಪಿಒಬಿ (ರಿಫಾಂಪಿಸಿನ್ ಹಿಡಿಯುವ ಕಿಣ್ವದ) ಜೀನಿನ ಸರಿಯಾದ ಜಾಗದಲ್ಲಿ, ಔಷಧ ಕಾಣುವ ಮೊದಲೇ, ಬೇಗನೇ ಬಿದ್ದಿತ್ತು. ಹೋಲಿಕೆಗೆಂದು ಒಂದೇ ದೊಡ್ಡ ಟ್ಯೂಬಿನಿಂದ ಹಾಕಿದ ಹತ್ತು ಪ್ಲೇಟುಗಳಲ್ಲಿ ಎಲ್ಲ ನಾಲ್ಕರಿಂದ ಒಂಬತ್ತರೊಳಗೆ. ಗೆಳೆಯರು ತಾವೇ ಮತ್ತೊಮ್ಮೆ ಎಣಿಸಿ ಸುಮ್ಮನಾದರು.

ಹನ್ನೆರಡರಲ್ಲಿ ನಾಲ್ಕು ಸೊನ್ನೆ, ಅಂದರೆ ಸಂಭವನೀಯತೆಯ (ಪಾಯ್ಸನ್) ಲೆಕ್ಕದಲ್ಲಿ ಟ್ಯೂಬಿಗೆ ಸರಾಸರಿ 1.1 ಮ್ಯುಟೇಶನ್, ಸುಮಾರು 18 ಕೋಟಿ ಜೀವಕೋಶಕ್ಕೆ ಒಂದು. ಕ್ಷಯಕ್ಕೆ ರಿಫಾಂಪಿಸಿನ್ ಒಂದನ್ನೇ ಕೊಡದೆ ಮೂರು-ನಾಲ್ಕು ಔಷಧ ಕೂಡಿಸಿ ಯಾಕೆ ಕೊಡುತ್ತಾರೆಂದು ಆ ಪ್ಲೇಟು ಹಿಡಿದ ಹುಡುಗಿಯೊಬ್ಬಳು ತಾನೇ ಹೇಳಿದಳು.

ನಡುವೆ ಮಾಳಿಗೆಯ ಬಿಸಿಲಿಗೂ ಟ್ಯೂಬು ಇಟ್ಟು ನೋಡಿದೆ, ಮ್ಯುಟೇಶನ್ ಏರುತ್ತದೇನೋ ಎಂದು. ಏನೂ ಏರಲಿಲ್ಲ. ಗಾಜು ಬಿಸಿಲಿನ ತೀಕ್ಷ್ಣ ನೇರಳಾತೀತ ಕಿರಣವನ್ನೇ ತಡೆದಿತ್ತು. ಈ ಬೇಸಿಗೆ ತೆರೆದ ಪ್ಲೇಟಿನಲ್ಲಿ, ಅರ್ಧರ್ಧ ನಿಮಿಷದ ಲೆಕ್ಕದಲ್ಲಿ ಮತ್ತೆ ಮಾಡುತ್ತೇನೆ.