ಟಿವಿಯಲ್ಲಿ ಮಾತು ಮಸುಕು, ಸಂಗೀತ ಮಾತ್ರ ಜೋರು ಎನ್ನುವವರಿಗೆ

ಮಾತು ಸರಿಯಾಗಿ ಕೇಳಿಸದಿದ್ದರೆ ವಾಲ್ಯೂಮ್ ಏರಿಸಬೇಡಿ, ಬೇಸ್ (ಗುಡುಗಿನಂಥ ತಗ್ಗು ಸ್ವರದ ಸದ್ದು) ಇಳಿಸಿ. ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಈಕ್ವಲೈಜರ್ (ತಗ್ಗು, ಎತ್ತರದ ಸ್ವರಗಳನ್ನು ಬೇರೆಬೇರೆಯಾಗಿ ಏರಿಳಿಸುವ ಆಯ್ಕೆ) ತೆರೆದು 100 ಹರ್ಟ್ಜ್ ಅನ್ನು 3–4 ಅಂಕ ಕೆಳಗಿಳಿಸಿ, 3 ಕಿಲೋಹರ್ಟ್ಜ್ ಅನ್ನು 2–3 ಅಂಕ ಮೇಲೇರಿಸಿ, ಉಳಿದವನ್ನು ಸೊನ್ನೆಯಲ್ಲೇ ಬಿಡಿ. ಒಂದು ಪದವನ್ನು ಇನ್ನೊಂದರಿಂದ ಬೇರೆ ಮಾಡಿ ತೋರಿಸುವ ಕ, ತ, ಸ, ಶಗಳಂಥ ವ್ಯಂಜನಗಳ ಸ್ಪಷ್ಟತೆ ಹೆಚ್ಚಾಗಿ 2ರಿಂದ 4 ಕಿಲೋಹರ್ಟ್ಜ್ ನಡುವೆ, ಕೆಲವೊಮ್ಮೆ ಅದಕ್ಕೂ ಮೇಲೆ ಇರುತ್ತದೆ. ಬೇಸ್ ಜೋರಾದಾಗ ಅವನ್ನೇ ಮುಚ್ಚಿಬಿಡುತ್ತದೆ. ಅದರ ಮೇಲೆ ತೆಳು ಟಿವಿಗಳ ಸ್ಪೀಕರ್‌ಗಳು ಬಹುತೇಕ ಕೆಳಕ್ಕೋ ಹಿಂದಕ್ಕೋ ಮುಖ ಮಾಡಿರುವುದರಿಂದ ಈ ಸೂಕ್ಷ್ಮ ಧ್ವನಿಗಳು ನಮ್ಮತನಕ ಬರುವಷ್ಟರಲ್ಲಿ ಇನ್ನಷ್ಟು ಸೊರಗಿರುತ್ತವೆ. ಈಕ್ವಲೈಜರ್ ಮಂಕಾಗಿ ಕಂಡು ಒತ್ತಲು ಬರದಿದ್ದರೆ ಸೌಂಡ್ ಮೋಡ್ ಅನ್ನು ‘ಸ್ಟ್ಯಾಂಡರ್ಡ್’ ಅಥವಾ ‘ಯೂಸರ್’ಗೆ ಬದಲಿಸಿ ನೋಡಿ, ತಾನೇ ಧ್ವನಿ ಹೊಂದಿಸುವ ಮೋಡ್‌ಗಳಲ್ಲಿ ಅದು ಸಾಮಾನ್ಯವಾಗಿ ಬಂದ್ ಆಗಿರುತ್ತದೆ. ಸಿನಿಮಾ ಆ್ಯಪ್‌ಗಳಲ್ಲಿ ಮಾತ್ರ ಈ ತೊಂದರೆ ಇದ್ದರೆ, ಆಡಿಯೊ ಆಯ್ಕೆಯಲ್ಲಿ 5.1 (ಆರು ಚಾನೆಲ್‌ಗಳ ಧ್ವನಿ) ಬಿಟ್ಟು ಸ್ಟೀರಿಯೊ (ಎರಡು ಚಾನೆಲ್‌ಗಳದು) ಆರಿಸಿ: 5.1ರಲ್ಲಿ ಸಂಭಾಷಣೆಗೆಂದೇ ಇರುವ ಮಧ್ಯದ ಚಾನೆಲ್, ಎರಡೇ ಸ್ಪೀಕರ್‌ಗೆ ಕಲಸಿದಾಗ ಹಿನ್ನೆಲೆಯ ಗದ್ದಲದಲ್ಲಿ ಹೂತುಹೋಗಬಹುದು. ಈಕ್ವಲೈಜರ್‌ನಲ್ಲಿ 3 ಕಿಲೋಹರ್ಟ್ಜ್ ಅನ್ನು 5 ಅಂಕ ದಾಟಿಸಬೇಡಿ, ‘ಸ’ಕಾರಗಳು ಕಿವಿಗೆ ಚುಚ್ಚುತ್ತವೆ. ಸೌಂಡ್‌ಬಾರ್ ಜೋಡಿಸಿದ್ದರೆ ಟಿವಿಯ ಈಕ್ವಲೈಜರ್ ಸಾಮಾನ್ಯವಾಗಿ ಅದಕ್ಕೆ ತಾಗುವುದೇ ಇಲ್ಲ. ಆಗ ಬಾರ್‌ನ ರಿಮೋಟ್‌ನಲ್ಲೇ ಬೇಸ್ ಅಥವಾ ಸಬ್‌ವೂಫರ್ ಮಟ್ಟ ತಗ್ಗಿಸಬೇಕು. ಕೋಣೆಯೇ ಖಾಲಿಯಾಗಿ ಪ್ರತಿಧ್ವನಿಸುತ್ತಿದ್ದರೆ ಯಾವ ಸೆಟ್ಟಿಂಗೂ ಸಾಲದು, ಮೊದಲು ದಪ್ಪ ಪರದೆಯೋ ಜಮಖಾನೆಯೋ ಹಾಕಿ.