ಪ್ರಧಾನಿ ಹೋಗ್ತಾರಂತೆ ಅಂತ ಮನೆ ಸಾಲ ಮುಂದಕ್ಕೆ ಹಾಕಬೇಡಿ

2025ರ ನವೆಂಬರ್. ಊರಿಗೆ ಫೋನ್ ಮಾಡಿದರೆ ‘ನವೆಂಬರ್ ಕ್ರಾಂತಿ’ಯದೇ ಮಾತು: ಸಿದ್ದರಾಮಯ್ಯ ಇಳೀತಾರಾ, ಡಿಕೆಶಿ ಏರ್ತಾರಾ. ಫೋನ್ ಇಟ್ಟು ಇಲ್ಲಿ, ಬ್ರಿಟನ್ನಿನ ಟೀವಿ ಹಾಕಿದರೆ ಅದೇ ಕಥೆ, ಹೆಸರು ಮಾತ್ರ ಬೇರೆ. ಪ್ರಧಾನಿ ಕೀರ್ ಸ್ಟಾರ್ಮರ್ ಹೋಗ್ತಾರಂತೆ, ಅವರದೇ ಸಂಪುಟದ ವೆಸ್ ಸ್ಟ್ರೀಟಿಂಗ್ ಬರ್ತಾರಂತೆ. ಸ್ಟ್ರೀಟಿಂಗ್ ಅಂಥದ್ದೇನೂ ಇಲ್ಲ ಅಂದರು. ಅಂದಷ್ಟೂ ಸುದ್ದಿ ಬೆಳೆಯಿತು. ಆ ವಾರವೇ ರೆಡಿಂಗ್‌ನಲ್ಲಿರುವ ಹುಬ್ಬಳ್ಳಿಯ ಹುಡುಗನೊಬ್ಬ ಕೇಳಿದ: “ಅಣ್ಣಾ, ಪ್ರಧಾನಿ ಬದಲಾದ್ರ ಮನಿ ಸಾಲದ ರೇಟ್ ಇಳಿತೈತಂತ, ಸ್ವಲ್ಪ ತಡೀಲೇನ್ರಿ?”

ಅದಕ್ಕೂ ಮೂರು ವರ್ಷ ಹಿಂದೆ, 2022ರಲ್ಲಿ, ನಾನು ನನ್ನನ್ನೇ ಕೇಳಿಕೊಂಡ ಪ್ರಶ್ನೆ ಅದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ ಪ್ರಧಾನಿಯನ್ನು ಇಳಿಸುವ ಆಟ ನಮ್ಮದರಂತಲ್ಲ. ರೆಸಾರ್ಟ್ ಇಲ್ಲ, ಬಸ್ ಇಲ್ಲ, ಸ್ಪೀಕರ್ ಮುಂದೆ ರಾಜೀನಾಮೆ ಪತ್ರಗಳ ಮೆರವಣಿಗೆಯೂ ಇಲ್ಲ. 2019ರಲ್ಲಿ ಕುಮಾರಸ್ವಾಮಿ ಸರ್ಕಾರ 99–105ರಲ್ಲಿ ಬಿದ್ದದ್ದು ಸದನದೊಳಗೆ. ಇಲ್ಲಿ ಪ್ರಧಾನಿ ಬೀಳುವುದು ಹೆಚ್ಚಾಗಿ ಸ್ವಪಕ್ಷದವರ ಕೈಯಲ್ಲೇ. ಕನ್ಸರ್ವೇಟಿವ್ ಪಕ್ಷದಲ್ಲಿ 2022ರ ಹೊತ್ತಿಗಿದ್ದ ನಿಯಮ: ಶೇ 15ರಷ್ಟು ಸಂಸದರು ಪತ್ರ ಬರೆದರೆ ಗುಪ್ತ ಮತದಾನ. ಸ್ಟಾರ್ಮರ್ ಅವರ ಲೇಬರ್ ಪಕ್ಷದಲ್ಲಿ ಅದು ಇನ್ನೂ ಕಷ್ಟ. ಸವಾಲು ಹಾಕುವವನು ಸಂಸದನೇ ಆಗಿರಬೇಕು, ಶೇ 20ರಷ್ಟು ಸಂಸದರು ಅವನ ಹೆಸರು ಸೂಚಿಸಬೇಕು, ಅಂದರೆ ಆಗ ಸುಮಾರು 80 ಜನ. ಆಗ ಗ್ರೇಟರ್ ಮ್ಯಾಂಚೆಸ್ಟರ್‌ನ ಮೇಯರ್ ಆಗಿದ್ದ ಆಂಡಿ ಬರ್ನಮ್ ಹೆಸರು ತೇಲಿಬಂದಾಗಲೆಲ್ಲ “ಮೊದಲು ಸೀಟೆಲ್ಲಿ?” ಎಂಬ ಪ್ರಶ್ನೆ ಏಳುತ್ತಿದ್ದದ್ದು ಇದಕ್ಕೇ.

ಆ ಗುಪ್ತ ಮತದಾನದಲ್ಲಿ ಗೆದ್ದವರು ಉಳಿಯುತ್ತಾರೆ ಅಂತಲೂ ಇಲ್ಲ. ಕನ್ಸರ್ವೇಟಿವ್ ಪ್ರಧಾನಿ ಥೆರೆಸಾ ಮೇ 2018ರಲ್ಲಿ 200–117ರಲ್ಲಿ ಗೆದ್ದು ಐದೇ ತಿಂಗಳಲ್ಲಿ ಹೊರಡುವ ಮಾತಾಡಿದರು. ಅವರ ನಂತರದ ಪ್ರಧಾನಿ ಬೋರಿಸ್ ಜಾನ್ಸನ್ 2022ರ ಜೂನ್ 6ರಂದು 211–148ರಲ್ಲಿ ಗೆದ್ದರು, ಜುಲೈ 7ಕ್ಕೆ ರಾಜೀನಾಮೆ ಘೋಷಿಸಿದರು. ಇದನ್ನು ಮುಂಚಿತವಾಗಿ ಲೆಕ್ಕ ಹಾಕುತ್ತೇನೆ ಅನ್ನುವವರಿಗೆ ನನ್ನ ನಮಸ್ಕಾರ. ಪತ್ರಿಕೆಗಳು ಛಾಪಿಸುವ ಬೆಟ್ಟಿಂಗ್ ದರವನ್ನು ಪಂಚಾಂಗ ಅಂದುಕೊಂಡು ಓದಬೇಡಿ.

ಆ ಬೇಸಿಗೆ ನಮ್ಮವರಿಗೆಲ್ಲ ಜಾನ್ಸನ್ ಜಾಗಕ್ಕೆ ಸ್ಪರ್ಧಿಸಿದ್ದ ರಿಷಿ ಸುನಕ್ ಜ್ವರ, ಬೆಂಗಳೂರಿನ ಅಳಿಯ ಅಂತ. ಗೆಳೆಯನೊಬ್ಬ ಜುಲೈನಲ್ಲಿ 25 ಪೌಂಡ್ ಕೊಟ್ಟು ಅವರ ಪಕ್ಷದ ಸದಸ್ಯನಾದ. ನಾಯಕನನ್ನು ಆರಿಸುವ ಮತಪತ್ರ ಬರಲೇ ಇಲ್ಲ; ಮತ ಹಾಕಬೇಕಾದರೆ ಸದಸ್ಯತ್ವಕ್ಕೆ ಮೂರು ತಿಂಗಳಾಗಿರಬೇಕಂತೆ. ಗೆದ್ದು ಪ್ರಧಾನಿಯಾದದ್ದು ಲಿಜ್ ಟ್ರಸ್. ಅವನಿಗೆ ಹೋದದ್ದು 25 ಪೌಂಡ್ ಅಷ್ಟೇ, ಪುಣ್ಯವಂತ.

ನನ್ನ ಕಥೆ ಕೇಳಿ. ಆಗಸ್ಟ್‌ನಲ್ಲಿ 3,40,000 ಪೌಂಡಿನ ಮನೆ ಒಪ್ಪಿಕೊಂಡಿದ್ದೆವು. ಸಾಲ 2,89,000. ಬ್ರೋಕರ್ ತೋರಿಸಿದ್ದು ಎರಡು ವರ್ಷಕ್ಕೆ 3.7%ರ ಫಿಕ್ಸೆಡ್ ದರ. ಕೈಯಲ್ಲಿ ಬ್ಯಾಂಕಿನ ‘ಅಗ್ರಿಮೆಂಟ್ ಇನ್ ಪ್ರಿನ್ಸಿಪಲ್’ ಇತ್ತು. ನಾನು ಅದನ್ನು ನಮ್ಮ ಕಡೆಯ ಸ್ಯಾಂಕ್ಷನ್ ಲೆಟರ್ ಅಂದುಕೊಂಡೆ. ಅದು ಅಲ್ಲ. ನಿಮಗೆ ಇಷ್ಟು ಸಾಲ ಕೊಡಬಹುದೇನೋ ಅಂತ ಬ್ಯಾಂಕು ಹೇಳುವ ಮಾತಷ್ಟೇ ಅದು. ದರ ನಿಮ್ಮ ಹೆಸರಿಗೆ ನಿಲ್ಲುವುದು ಪೂರ್ತಿ ಅರ್ಜಿ ಹಾಕಿದಾಗ. ನಾನು ಹಾಕಲಿಲ್ಲ. ಹೊಸ ಪ್ರಧಾನಿ ತೆರಿಗೆ ಇಳಿಸುತ್ತಾರೆ, ಮನೆ ಕೊಳ್ಳುವವರಿಗೂ ಏನಾದರೂ ಬಿದ್ದೀತು, ಸ್ವಲ್ಪ ನೋಡೋಣ ಎಂಬ ಅತಿ ಜಾಣತನ.

ಬಿತ್ತು ಕೂಡ! ಟ್ರಸ್ ಸರ್ಕಾರದ ಸೆಪ್ಟೆಂಬರ್ 23ರ ಮಿನಿ ಬಜೆಟ್‌ನಲ್ಲಿ ಮೊದಲ ಮನೆ ಕೊಳ್ಳುವವರ ಸ್ಟ್ಯಾಂಪ್ ಡ್ಯೂಟಿ ವಿನಾಯಿತಿ ಮಿತಿ 3 ಲಕ್ಷ ಪೌಂಡಿನಿಂದ 4.25 ಲಕ್ಷಕ್ಕೆ ಏರಿತು. ನನಗೆ 2,000 ಪೌಂಡ್ ಉಳಿತಾಯ. (ಊರಲ್ಲಿ ನಿಮ್ಮ ಹೆಸರಿನಲ್ಲಿ ಮನೆ ಇದ್ದರೆ ಈ ರಿಯಾಯಿತಿ ಮರೆತುಬಿಡಿ, ಅದೂ ಲೆಕ್ಕಕ್ಕೆ ಬರುತ್ತದೆ.) ಅವತ್ತು ರಾತ್ರಿ ಮನೆಯಲ್ಲಿ ಕೇಸರಿಬಾತ್ ಮಾಡಿ ತಿಂದೆವು.

ಆ ಬಜೆಟ್ಟಿಗೆ ಮಾರುಕಟ್ಟೆ ಬೆದರಿ, ಸೋಮವಾರ ಪೌಂಡ್ ಡಾಲರ್ ಎದುರು ಹಿಂದೆಂದೂ ಇಲ್ಲದಷ್ಟು ಕೆಳಮಟ್ಟಕ್ಕೆ ಕುಸಿಯಿತು. ಸರ್ಕಾರಿ ಬಾಂಡ್‌ಗಳ ಬಡ್ಡಿ ಜಿಗಿಯಿತು. ಇಲ್ಲಿಯ ಫಿಕ್ಸೆಡ್ ದರಗಳು ಆ ಲೆಕ್ಕಾಚಾರದ ಮೇಲೇ ನಿಂತಿರುವುದರಿಂದ ಬ್ಯಾಂಕುಗಳು ಒಂದೊಂದಾಗಿ ಸ್ಕೀಮು ವಾಪಸ್ ತೆಗೆದುಕೊಂಡವು. ಮಂಗಳವಾರ ಮಧ್ಯಾಹ್ನ ಬ್ರೋಕರ್ ಫೋನ್: “ಸಂಜೆ ಐದಕ್ಕೆ ಈ ದರ ಮುಚ್ಚುತ್ತೆ, ಕಾಗದ ಕಳಿಸಿ.” ಪೇ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಇತ್ತು. ಇಲ್ಲದ್ದು ಒಂದೇ, ಅಪ್ಪ ಕಳಿಸಿದ ಹತ್ತು ಲಕ್ಷ ರೂಪಾಯಿಗೆ ‘ಗಿಫ್ಟ್ ಲೆಟರ್’. ಇದು ಸಾಲವಲ್ಲ, ವಾಪಸ್ ಕೇಳುವುದಿಲ್ಲ, ಮನೆಯಲ್ಲಿ ಹಕ್ಕು ಬೇಡುವುದಿಲ್ಲ ಅಂತ ಅವರು ಸಹಿ ಹಾಕಬೇಕು. ತೀರ್ಥಹಳ್ಳಿಯಲ್ಲಿ ಆಗ ರಾತ್ರಿ ಎಂಟೂವರೆ. “ಮಗನಿಗೆ ಕೊಟ್ಟ ದುಡ್ಡಿಗೂ ಪತ್ರ ಬರ್ಕೊಡ್ಬೇಕೇನೋ?” ಅಂತ ಬೇಜಾರು ಮಾಡಿಕೊಂಡೇ ಬರೆದರು. ಜೆರಾಕ್ಸ್ ಅಂಗಡಿ ಬಾಗಿಲು ಹಾಕಿತ್ತು. ಫೋನಿನಲ್ಲಿ ತೆಗೆದ ಫೋಟೊದಲ್ಲಿ ಟ್ಯೂಬ್‌ಲೈಟಿನ ಬೆಳಕು ಸರಿಯಾಗಿ ಸಹಿಯ ಮೇಲೇ ಹೊಳೆಯುತ್ತಿತ್ತು. ಎರಡನೇ ಫೋಟೊ ಬರುವಷ್ಟರಲ್ಲಿ ಇಲ್ಲಿ ಐದೂ ಹತ್ತು.

ಮಾರುವವರು ಕಾಯಲು ಒಪ್ಪಲಿಲ್ಲ. ಅಕ್ಟೋಬರ್ ಮಧ್ಯದಲ್ಲಿ 6.1%ಕ್ಕೆ ಸಹಿ ಹಾಕಿದೆ. ತಿಂಗಳ ಕಂತು 1,330 ಪೌಂಡ್ ಆಗಬೇಕಿದ್ದದ್ದು 1,750 ಆಯಿತು. ಎರಡು ವರ್ಷಕ್ಕೆ ಹತ್ತು ಸಾವಿರ ಪೌಂಡ್, ಉಳಿಸಿದ್ದು ಎರಡು. ಅಕ್ಟೋಬರ್ 17ಕ್ಕೆ ಹೊಸ ಹಣಕಾಸು ಮಂತ್ರಿ ಜೆರೆಮಿ ಹಂಟ್ ಆ ಬಜೆಟ್ಟಿನ ಬಹುಪಾಲನ್ನು ಕಿತ್ತುಹಾಕಿದರು, ಸ್ಟ್ಯಾಂಪ್ ಡ್ಯೂಟಿ ಕಡಿತವನ್ನು ಆಗ ಮುಟ್ಟಲಿಲ್ಲ. 20ಕ್ಕೆ ಟ್ರಸ್ ರಾಜೀನಾಮೆ, 25ಕ್ಕೆ ಅದೇ ಸುನಕ್ ಪ್ರಧಾನಿ, ಅದೂ ಸದಸ್ಯರ ಮತವೇ ಇಲ್ಲದೆ. ದರಗಳು ಮೆಲ್ಲಗೆ ಇಳಿಯತೊಡಗಿದವು. ನನ್ನದು ಇಳಿಯಲಿಲ್ಲ, ಫಿಕ್ಸ್ ಆಗಿತ್ತಲ್ಲ.

ಸ್ವಂತ ನಾಯಕನ ವಿರುದ್ಧ ಗುಟ್ಟಾಗಿ ಮತ ಹಾಕಿ, ಮರುದಿನ ಅದೇ ಪಕ್ಷದಲ್ಲಿ ಕೂತು ಚಹಾ ಕುಡಿಯಬಹುದಾದ ಇಲ್ಲಿಯ ಪದ್ಧತಿ ನಮ್ಮ ರೆಸಾರ್ಟ್ ರಾಜಕೀಯಕ್ಕಿಂತ ಮರ್ಯಾದಸ್ಥ, ಒಪ್ಪುತ್ತೇನೆ. ಆದರೆ ವಿಧಾನಸೌಧದಲ್ಲಿ ಯಾರು ಏರಿದರೂ ಇಳಿದರೂ ಅಪ್ಪನ ಇಎಂಐ ಅಲುಗಿದ್ದನ್ನು ನಾನು ಕಂಡಿಲ್ಲ.

ಹುಬ್ಬಳ್ಳಿಯ ಹುಡುಗನಿಗೆ ಹೇಳಿದ್ದು ಇಷ್ಟು: ಮನೆ ಒಪ್ಪಿಗೆಯಾದ ವಾರವೇ ಪೂರ್ತಿ ಅರ್ಜಿ ಹಾಕು. ಆಫರ್ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ನಿಲ್ಲುತ್ತದೆ. ನಡುವೆ ದರ ಇಳಿದರೆ, ಕೀ ಕೈಗೆ ಬರುವ ಮುನ್ನ ಕಡಿಮೆ ದರಕ್ಕೆ ಬದಲಿಸಿಕೊಳ್ಳಲು ಬಹಳಷ್ಟು ಬ್ಯಾಂಕುಗಳು ಬಿಡುತ್ತವೆ. ಬ್ರೋಕರ್‌ಗೆ ಇದನ್ನು ಮೊದಲೇ ಕೇಳಿ ಇಟ್ಟುಕೋ. ಏರಿದರೆ ನಿನ್ನದು ಭದ್ರ. ಆಮೇಲೆ ಸ್ಟಾರ್ಮರ್ ಇರಲಿ, ಹೋಗಲಿ, ಟೀವಿ ಮುಂದೆ ಕೂತು ಮಜಾ ತಗೋ. ಮತ್ತೆ, ಊರಿಂದ ದುಡ್ಡು ಬರುವುದಿದ್ದರೆ ಬ್ಯಾಂಕಿನ ಗಿಫ್ಟ್ ಲೆಟರ್ ನಮೂನೆ ಇವತ್ತೇ ಕಳಿಸು, ಜೆರಾಕ್ಸ್ ಅಂಗಡಿ ತೆರೆದಿರುವಾಗ.