ಯಾಂತ್ರಿಕ ಶಕ್ತಿಯ ಲೆಕ್ಕ ಬಿಡಿಸುವುದು ಹೇಗೆ?

ಕಲ್ಲು ನೆಲ ಮುಟ್ಟುವಾಗ ಅದರ ವೇಗ ಎಷ್ಟು ಎಂದು ಕೇಳಿದರೆ ಹೆಚ್ಚಿನ ವಿದ್ಯಾರ್ಥಿಗಳು ಚಲನೆಯ ಸಮೀಕರಣಗಳಿಗೆ ಕೈಹಾಕುತ್ತಾರೆ. ನೇರವಾಗಿ ಬೀಳುವ ಕಲ್ಲಿಗೆ ಅದು ಸಾಕು. ಅದೇ ಕಲ್ಲು ಅಂಕುಡೊಂಕು ಇಳಿಜಾರಿನಲ್ಲಿ ಜಾರಿ ಬಂದರೆ ವೇಗೋತ್ಕರ್ಷ ಹೆಜ್ಜೆಹೆಜ್ಜೆಗೂ ಬದಲಾಗಿ ಲೆಕ್ಕ ಕೈಕೊಡುತ್ತದೆ. ಯಾಂತ್ರಿಕ ಶಕ್ತಿಯ, ಅಂದರೆ ವಸ್ತುವಿಗೆ ಚಲನೆಯಿಂದ ಬರುವ ಶಕ್ತಿ ಮತ್ತು ಅದರ ಸ್ಥಾನದಿಂದ ಬರುವ ಶಕ್ತಿಗಳ ಮೊತ್ತದ, ಅನುಕೂಲ ಇರುವುದು ಅಲ್ಲೇ. ಘರ್ಷಣೆ ಇಲ್ಲದಿದ್ದರೆ ಆ ಮೊತ್ತ ಮೊದಲಿಗೂ ಕೊನೆಗೂ ಒಂದೇ ಇರುವುದರಿಂದ ನಡುವಿನ ದಾರಿಯ ಗೊಡವೆಯೇ ಬೇಡ.

ಮೊದಲು ಎರಡು ಕ್ಷಣಗಳನ್ನು ಆರಿಸಿಕೊಳ್ಳಿ: ಎಲ್ಲ ವಿವರ ಗೊತ್ತಿರುವುದು ಒಂದು, ಉತ್ತರ ಬೇಕಾಗಿರುವುದು ಇನ್ನೊಂದು. ಜೊತೆಗೆ ಎತ್ತರವನ್ನು ಎಲ್ಲಿಂದ ಅಳೆಯುತ್ತೀರಿ ಎಂದು ನಿರ್ಧರಿಸಿ. ನೆಲವನ್ನೇ ಸೊನ್ನೆ ಎನ್ನಬೇಕೆಂಬ ನಿಯಮವಿಲ್ಲ, ಮೇಜಿನ ಮೇಲ್ಮೈಯೂ ಆದೀತು. ಆಗ ನೆಲದ ಮೇಲಿನ ವಸ್ತುವಿನ ಪ್ರಚ್ಛನ್ನ ಶಕ್ತಿ (ಎತ್ತರದಿಂದ ಬರುವ ಶಕ್ತಿ) ಋಣ ಸಂಖ್ಯೆಯಾಗುತ್ತದೆ, ಗಾಬರಿ ಬೇಡ. ಲೆಕ್ಕಕ್ಕೆ ಬರುವುದು ವ್ಯತ್ಯಾಸ ಮಾತ್ರ. ಆದರೆ ಲೆಕ್ಕದ ನಡುವೆ ಸೊನ್ನೆ ಮಟ್ಟವನ್ನು ಬದಲಿಸಬಾರದು.

ಗ್ರಾಂ ಇದ್ದರೆ ಕಿಲೋಗ್ರಾಂ ಮಾಡಿ. ಗಂಟೆಗೆ 36 ಕಿಲೋಮೀಟರ್ ಎಂದರೆ ಸೆಕೆಂಡಿಗೆ 10 ಮೀಟರ್.

ಇನ್ನು ಎರಡೂ ಕ್ಷಣಗಳಿಗೆ ಶಕ್ತಿಯನ್ನು ಬರೆಯಿರಿ. ದ್ರವ್ಯರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ ಈ ಮೂರರ ಗುಣಲಬ್ಧವೇ ಪ್ರಚ್ಛನ್ನ ಶಕ್ತಿ. ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ಅರ್ಧ ಮಾಡಿದರೆ ಚಲನ ಶಕ್ತಿ. ಎರಡನ್ನೂ ಕೂಡಿದರೆ ಯಾಂತ್ರಿಕ ಶಕ್ತಿ. ಸ್ಪ್ರಿಂಗ್ ಇದ್ದರೆ ಅದರಲ್ಲಿ ಅಡಗಿದ ಶಕ್ತಿಯನ್ನೂ ಸೇರಿಸಬೇಕು.

5 ಮೀಟರ್ ಎತ್ತರದಲ್ಲಿ 2 ಕಿಲೋಗ್ರಾಂ ಕಲ್ಲು ನಿಶ್ಚಲವಾಗಿದೆ ಎನ್ನಿ. ಗುರುತ್ವ ವೇಗೋತ್ಕರ್ಷ 9.8 ಆದರೂ ಸುಲಭಕ್ಕೆ 10 ಎಂದುಕೊಳ್ಳೋಣ. ಪ್ರಚ್ಛನ್ನ ಶಕ್ತಿ 100 ಜೌಲ್, ಚಲನ ಶಕ್ತಿ ಸೊನ್ನೆ. ನೆಲ ಮುಟ್ಟುವ ಹೊತ್ತಿಗೆ ಆ 100 ಜೌಲ್ ಪೂರ್ತಿ ಚಲನ ಶಕ್ತಿಯಾಗಿರುತ್ತದೆ. ವೇಗದ ವರ್ಗ 100, ವೇಗ ಸೆಕೆಂಡಿಗೆ 10 ಮೀಟರ್. ದ್ರವ್ಯರಾಶಿ ಎರಡೂ ಕಡೆ ಹೊಡೆದುಹೋಗುವುದರಿಂದ 20 ಕಿಲೋಗ್ರಾಂ ಬಂಡೆಗೂ ಇದೇ ಉತ್ತರ.

ಅರ್ಧ ದಾರಿಯಲ್ಲಿ, ಅಂದರೆ 2.5 ಮೀಟರ್ ಎತ್ತರದಲ್ಲಿ ವೇಗ ಎಷ್ಟು? 5 ಎಂದು ಬಾಯಿಗೆ ಬಂದರೆ ತಡೆಯಿರಿ. ಅಲ್ಲಿ ಚಲನ ಶಕ್ತಿ 50 ಜೌಲ್, ವೇಗದ ವರ್ಗ 50, ವೇಗ ಸುಮಾರು 7.1. ಅರ್ಧವಾಗುವುದು ಶಕ್ತಿಯೇ ಹೊರತು ವೇಗವಲ್ಲ. ನನ್ನ ಮಟ್ಟಿಗೆ ಈ ಪಾಠದಲ್ಲಿ ಸೂತ್ರಕ್ಕಿಂತ ಮುಖ್ಯವಾಗಿ ಅರಿಯಬೇಕಾದದ್ದು ಇದೇ. ವೇಗ ಇಮ್ಮಡಿಯಾದರೆ ಚಲನ ಶಕ್ತಿ ನಾಲ್ಕು ಪಟ್ಟಾಗುತ್ತದೆ.

ಕೊನೆಗೆ ಘರ್ಷಣೆ. ಅದೇ 2 ಕಿಲೋಗ್ರಾಂ ಕಲ್ಲು ಅದೇ 5 ಮೀಟರ್ ಎತ್ತರದಿಂದ ಒರಟು ಇಳಿಜಾರಿನಲ್ಲಿ ಜಾರಿ, ಕೆಳಗೆ ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ತಲುಪಿತು ಎನ್ನೋಣ. ಚಲನ ಶಕ್ತಿ 64 ಜೌಲ್. ಉಳಿದ 36 ಜೌಲ್ ಬಹುಪಾಲು ಶಾಖವಾಗಿ ಕಲ್ಲನ್ನೂ ಇಳಿಜಾರನ್ನೂ ಒಂದಿಷ್ಟು ಬಿಸಿ ಮಾಡಿದೆ. ಯಾಂತ್ರಿಕ ಶಕ್ತಿ ಕಡಿಮೆಯಾಯಿತು, ಒಟ್ಟು ಶಕ್ತಿ ಕಡಿಮೆಯಾಗಲಿಲ್ಲ.

ಕಲ್ಲಿನ ಬದಲು ಘನ ಗೋಲಿಯೊಂದು ಜಾರದೆ ಉರುಳಿದರೆ ಲೆಕ್ಕ ತುಸು ಬೇರೆ. ಅದರ ಚಲನ ಶಕ್ತಿಯ 7ರಲ್ಲಿ 2 ಭಾಗ ತನ್ನ ಸುತ್ತ ತಾನೇ ತಿರುಗುವುದರಲ್ಲಿರುತ್ತದೆ. ಹಾಗಾಗಿ ಶಕ್ತಿ ಎಲ್ಲೂ ಸೋರದಿದ್ದರೂ ಅದು ಕೆಳಗೆ ಬರುವುದು 10ಕ್ಕಿಂತ ಕಡಿಮೆ ವೇಗದಲ್ಲಿ, ಸೆಕೆಂಡಿಗೆ ಸುಮಾರು 8.5 ಮೀಟರ್.